ವಿದೇಶಕ್ಕೆ ಹೊರಡುವ ಮುನ್ನ ಮಕ್ಕಳಿಗೆ ಅಂತರರಾಷ್ಟ್ರೀಯ ಶಾಲೆಯಲ್ಲಿ ಸೀಟು: ಸಮಗ್ರ ಮಾರ್ಗದರ್ಶಿ

ವಿದೇಶದಲ್ಲಿ ಕೆಲಸ ಖಚಿತವಾದ ಕೂಡಲೇ ಹೆಚ್ಚಿನ ಕುಟುಂಬಗಳು ವೀಸಾ, ಮನೆ, ಸಾಮಾನು ಸಾಗಣೆ ಎಂಬ ಕ್ರಮದಲ್ಲಿ ತಯಾರಿ ಆರಂಭಿಸಿ, ಶಾಲೆಯ ವಿಚಾರವನ್ನು ಅಲ್ಲಿಗೆ ಹೋದ ಮೇಲೆ ನೋಡಿಕೊಳ್ಳೋಣ ಎಂದು ಬಿಟ್ಟಿರುತ್ತವೆ. ಈ ಕ್ರಮ ತಲೆಕೆಳಗಾಗಿದೆ. ಬಾಡಿಗೆ ಮನೆ ವರ್ಷದ ಯಾವ ತಿಂಗಳಲ್ಲಾದರೂ ಸಿಕ್ಕೀತು. ಆದರೆ ಒಂದು ಶಾಲೆಯ ಒಂದು ತರಗತಿಯಲ್ಲಿ ಆ ವರ್ಷ ತೆರವಾಗುವುದು ಕೆಲವೇ ಜಾಗಗಳು, ಅವು ತುಂಬಿದ ಮೇಲೆ ಹಣವಾಗಲಿ ಶಿಫಾರಸಾಗಲಿ ಅಲ್ಲಿ ಹೊಸದೊಂದು ಬೆಂಚು ಹಾಕಿಸಲಾರವು. ಆದ್ದರಿಂದ ಮಗುವಿನ ತರಗತಿ ಮತ್ತು ಪಠ್ಯಕ್ರಮ ಮೊದಲು, ಶಾಲೆಯ ಸೀಟು ಆಮೇಲೆ, ಮನೆ ಎಲ್ಲಕ್ಕಿಂತ ಕೊನೆಗೆ ಎಂಬ ಕ್ರಮದಲ್ಲಿ ಈ ಬರಹ ಸಾಗುತ್ತದೆ. ವರ್ಗಾವಣೆ ಪೂರ್ತಿ ಖಚಿತವಾಗುವ ಮೊದಲೇ ಅರ್ಜಿ ಹಾಕುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ ಎಂದು ಕೆಲವರಿಗೆ ಅನಿಸಬಹುದು. ಈ ಒಂದು ಸಂದರ್ಭದಲ್ಲಿ ಮಾತ್ರ ಕುಲಾವಿಯನ್ನು ಮುಂಚೆಯೇ ಹೊಲಿಸಿಡುವುದು ಜಾಣತನ.

ಎಷ್ಟು ವರ್ಷಕ್ಕೆ, ಆಮೇಲೆ ಎಲ್ಲಿಗೆ?

ಶಾಲೆಗಳ ಜಾಲತಾಣ ತೆರೆಯುವ ಮೊದಲು ಮನೆಯವರೆಲ್ಲ ಕುಳಿತು ಮೂರು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳಬೇಕು. ಆ ದೇಶದಲ್ಲಿ ಎಷ್ಟು ವರ್ಷ ಇರಬೇಕಾಗಬಹುದು? ಅದಾದ ಮೇಲೆ ಸ್ವದೇಶಕ್ಕೆ ಮರಳುವುದೇ, ಇನ್ನೊಂದು ದೇಶಕ್ಕೆ ಹೋಗುವುದೇ? ಮಗು ಈಗ ಓದುತ್ತಿರುವ ಕೋರ್ಸಿನ ಯಾವ ಹಂತದಲ್ಲಿದೆ? ಯಾವ ಪಠ್ಯಕ್ರಮ ಬೇಕು ಎಂಬುದನ್ನು ನಿರ್ಧರಿಸುವುದು ಹೋಗಲಿರುವ ಊರಿಗಿಂತ ಅದರ ನಂತರದ ನಿಲ್ದಾಣ. ಎರಡು ವರ್ಷಕ್ಕೆಂದು ಹೋಗಿ ಸ್ವದೇಶದ ಪಠ್ಯಕ್ರಮಕ್ಕೇ ಮರಳುವವರು ಅದೇ ಪಠ್ಯಕ್ರಮದ ಶಾಲೆ ಅಲ್ಲಿದೆಯೇ ಎಂದು ಮೊದಲು ನೋಡುವುದು ಒಳ್ಳೆಯದು. ನಾಲ್ಕಾರು ವರ್ಷಕ್ಕೊಮ್ಮೆ ದೇಶ ಬದಲಿಸುವ ಉದ್ಯೋಗದಲ್ಲಿರುವವರಿಗೆ ಎಲ್ಲ ಕಡೆ ಸಿಗುವ ಪಠ್ಯಕ್ರಮವೇ ಆಸರೆ.

ಅಂತಹ ಪಠ್ಯಕ್ರಮಗಳಲ್ಲಿ ಹೆಚ್ಚು ಹೆಸರಾದದ್ದು ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್, ಅಂದರೆ ಐಬಿ. 1968ರಲ್ಲಿ ಜಿನೀವಾದಲ್ಲಿ ಆರಂಭವಾದ ಈ ಸಂಸ್ಥೆಯ ಮೂಲ ಉದ್ದೇಶಗಳಲ್ಲಿ ಒಂದು, ದೇಶದಿಂದ ದೇಶಕ್ಕೆ ಓಡಾಡುವ ಕುಟುಂಬಗಳ ಮಕ್ಕಳಿಗೆ ಎಲ್ಲ ವಿಶ್ವವಿದ್ಯಾಲಯಗಳೂ ಒಪ್ಪುವಂತಹ ಅರ್ಹತೆಯೊಂದನ್ನು ಒದಗಿಸುವುದೇ ಆಗಿತ್ತು. ಅದರ ಪ್ರಾಥಮಿಕ ಹಂತ 3ರಿಂದ 12 ವರ್ಷದವರಿಗೆ, ಮಧ್ಯಮ ಹಂತ 11ರಿಂದ 16ರವರಿಗೆ, ಡಿಪ್ಲೊಮಾ 16ರಿಂದ 19ರವರಿಗೆ. ಬ್ರಿಟಿಷ್ ಮಾದರಿಯ ಶಾಲೆಗಳು ಹದಿನಾರರ ಹೊತ್ತಿಗೆ ಬರೆಯುವ ಐಜಿಸಿಎಸ್‌ಇ ಮತ್ತು ಹದಿನೆಂಟರ ಹೊತ್ತಿಗೆ ಬರೆಯುವ ಎ ಲೆವೆಲ್ ಪರೀಕ್ಷೆಗಳತ್ತ ಸಾಗುತ್ತವೆ. ಅಮೆರಿಕನ್ ಶಾಲೆಗಳು ಕ್ರೆಡಿಟ್ ಲೆಕ್ಕದ, ಅಂದರೆ ಮುಗಿಸಿದ ಒಂದೊಂದು ವಿಷಯಕ್ಕೂ ಸಿಗುವ ಕ್ರೆಡಿಟ್‌ಗಳನ್ನು ಕೂಡಿಸಿ ಕೊಡುವ, ಹೈಸ್ಕೂಲ್ ಡಿಪ್ಲೊಮಾ ನೀಡುತ್ತವೆ, ಜೊತೆಗೆ ಮೇ ತಿಂಗಳಲ್ಲಿ ನಡೆಯುವ ಕಾಲೇಜು ಮಟ್ಟದ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್) ಪರೀಕ್ಷೆಗಳಿರುತ್ತವೆ. ಫ್ರಾನ್ಸ್ ಸರ್ಕಾರದ ಎಇಎಫ್‌ಇ ಸಂಸ್ಥೆಯ ಜಾಲದಲ್ಲಿರುವ ಫ್ರೆಂಚ್ ಶಾಲೆಗಳು 130ಕ್ಕೂ ಹೆಚ್ಚು ದೇಶಗಳಲ್ಲಿದ್ದು, ಎಲ್ಲ ಕಡೆಯೂ ಫ್ರಾನ್ಸಿನ ರಾಷ್ಟ್ರೀಯ ಪಠ್ಯಕ್ರಮವನ್ನೇ ಬೋಧಿಸುತ್ತವೆ. ಆ ಭಾಷೆಯಲ್ಲಿ ಓದುತ್ತಿರುವ ಮಗುವಿಗೆ ಇಷ್ಟು ಸುಗಮವಾದ ಸ್ಥಳಾಂತರ ಬೇರೆಲ್ಲೂ ಸಿಗುವುದು ಕಷ್ಟ.

ಹನ್ನೊಂದು ಹನ್ನೆರಡು ವರ್ಷದೊಳಗಿನ ಮಗುವಾದರೆ ಪಠ್ಯಕ್ರಮದ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಆ ವಯಸ್ಸಿನಲ್ಲಿ ಒಳ್ಳೆಯ ಶಿಕ್ಷಕಿ, ಮನೆಗೆ ಹತ್ತಿರದ ಶಾಲೆ, ಆಟಕ್ಕೆ ಸಿಗುವ ಗೆಳೆಯರು ಪಠ್ಯಕ್ರಮದ ಹೆಸರಿಗಿಂತ ದೊಡ್ಡ ವಿಷಯಗಳು. ಹದಿನಾಲ್ಕು ದಾಟಿದ ಮಕ್ಕಳ ವಿಚಾರ ಪೂರ್ತಿ ಬೇರೆ. ಐಜಿಸಿಎಸ್‌ಇ, ಎ ಲೆವೆಲ್, ಐಬಿ ಡಿಪ್ಲೊಮಾ ಇವು ಸಾಮಾನ್ಯವಾಗಿ ಎರಡೆರಡು ವರ್ಷಗಳ ಕಟ್ಟುಗಳು, ಕಟ್ಟಿನ ನಡುವೆ ಕತ್ತರಿ ಹಾಕಿದರೆ ಎರಡೂ ತುದಿ ಬಿಚ್ಚಿಹೋಗುತ್ತವೆ. ಐಜಿಸಿಎಸ್‌ಇ ಎಂಬ ಒಂದೇ ಹೆಸರಿನಲ್ಲೂ ಕೇಂಬ್ರಿಡ್ಜ್ ಮಂಡಳಿಯದು ಬೇರೆ, ಪಿಯರ್ಸನ್ ಎಡೆಕ್ಸೆಲ್‌ನದು ಬೇರೆ. ಸಾಹಿತ್ಯದಲ್ಲಿ ನಿಗದಿಪಡಿಸಿದ ಕೃತಿಗಳಿಂದ ಹಿಡಿದು ಪ್ರಶ್ನೆಪತ್ರಿಕೆಯ ರೂಪದವರೆಗೆ ವ್ಯತ್ಯಾಸಗಳಿರುತ್ತವೆ.

ಐಬಿ ಡಿಪ್ಲೊಮಾದಲ್ಲಿ ವಿದ್ಯಾರ್ಥಿ ಆರು ವಿಷಯಗಳನ್ನು ಆರಿಸಿಕೊಳ್ಳುತ್ತಾನೆ, ಅವುಗಳಲ್ಲಿ ಸಾಮಾನ್ಯವಾಗಿ ಮೂರು ಉನ್ನತ ಮಟ್ಟದವು. ಪ್ರತಿ ವಿಷಯಕ್ಕೆ ಗರಿಷ್ಠ 7 ಅಂಕ, ಜೊತೆಗೆ ಬರೆಯಬೇಕಾದ ವಿಸ್ತೃತ ಪ್ರಬಂಧ ಮತ್ತು ಜ್ಞಾನಮೀಮಾಂಸೆ (ಥಿಯರಿ ಆಫ್ ನಾಲೆಜ್) ಎಂಬ ಕೋರ್ಸಿಗೆ ಸೇರಿ 3, ಒಟ್ಟು 45. ಮೊದಲ ವರ್ಷ ಮುಗಿಸಿ ಬೇರೆ ಶಾಲೆಗೆ ಹೋಗುವವರಿಗೆ ಆ ಆರೂ ವಿಷಯಗಳು, ಅವೇ ಮಟ್ಟಗಳಲ್ಲಿ, ಹೊಸ ಶಾಲೆಯ ವೇಳಾಪಟ್ಟಿಯಲ್ಲಿ ಒಟ್ಟಿಗೆ ಹೊಂದಬೇಕು. ಇದು ಅಪರೂಪಕ್ಕೊಮ್ಮೆ ಮಾತ್ರ ಕೂಡಿಬರುತ್ತದೆ. ಗಣಿತದಲ್ಲಿ 2019ರಿಂದ ಎರಡು ಪ್ರತ್ಯೇಕ ಕೋರ್ಸುಗಳಿವೆ: ಒಂದು ವಿಶ್ಲೇಷಣೆಗೆ ಒತ್ತು ಕೊಡುವುದು, ಇನ್ನೊಂದು ಅನ್ವಯಕ್ಕೆ ಒತ್ತು ಕೊಡುವುದು. ಎಂಜಿನಿಯರಿಂಗ್‌ನಂತಹ ಪದವಿಗಳಿಗೆ ಅನೇಕ ವಿಶ್ವವಿದ್ಯಾಲಯಗಳು ಮೊದಲನೆಯದನ್ನೇ ಉನ್ನತ ಮಟ್ಟದಲ್ಲಿ ಕೇಳುವುದರಿಂದ, ಹೊಸ ಶಾಲೆಯಲ್ಲಿ ಅದು ಉಂಟೇ ಎಂದು ಅರ್ಜಿಗೆ ಮೊದಲೇ ವಿಚಾರಿಸಬೇಕು. ಅಂತಿಮ ವರ್ಷದಲ್ಲಿರುವ ಮಗುವನ್ನು ಕದಲಿಸುವುದಕ್ಕಿಂತ ತಾಯಿಯೋ ತಂದೆಯೋ ಪರೀಕ್ಷೆ ಮುಗಿಯುವವರೆಗೆ ಇಲ್ಲೇ ಉಳಿಯುವುದು, ಅದು ಆಗದಿದ್ದರೆ ಹಾಸ್ಟೆಲ್ ವ್ಯವಸ್ಥೆ ಮಾಡುವುದು ಉತ್ತಮ. ಹೊರಡುವ ಕಾಲವನ್ನು ಉದ್ಯೋಗದಾತರೊಂದಿಗೆ ಚರ್ಚಿಸಲು ಅವಕಾಶವಿದ್ದರೆ, ಎರಡು ವರ್ಷದ ಕಟ್ಟು ಆರಂಭವಾಗುವ ಸಂಧಿಗೆ, ಅಂದರೆ ಬ್ರಿಟಿಷ್ ಎಣಿಕೆಯ 10ನೇ ಅಥವಾ 12ನೇ ಇಯರ್‌ನ ಆರಂಭಕ್ಕೆ, ಹೊಂದಿಸಿಕೊಳ್ಳಿ.

ತರಗತಿಯ ಲೆಕ್ಕ

ಅರ್ಜಿ ನಮೂನೆಯಲ್ಲಿ ಅತಿ ಹೆಚ್ಚು ತಪ್ಪಾಗುವ ಅಂಕಣ ತರಗತಿಯದು. ಬ್ರಿಟಿಷ್ ಮಾದರಿಯಲ್ಲಿ ಇಯರ್ 1ಕ್ಕೆ ಸೇರುವುದು ಐದು ವರ್ಷ ತುಂಬಿದ ಮಗು, ಅಮೆರಿಕನ್ ಮಾದರಿಯಲ್ಲಿ ಗ್ರೇಡ್ 1ಕ್ಕೆ ಸೇರುವುದು ಆರು ತುಂಬಿದ ಮಗು. ಹಾಗಾಗಿ ಗ್ರೇಡ್ ಸಂಖ್ಯೆಗೆ ಒಂದು ಕೂಡಿಸಿದರೆ ಸ್ಥೂಲವಾಗಿ ಇಯರ್ ಸಂಖ್ಯೆ ಸಿಗುತ್ತದೆ. ಗ್ರೇಡ್ 6ರ ಹುಡುಗಿ ಇಯರ್ 7ಕ್ಕೆ ಸೇರುತ್ತಾಳೆ, ಅದರಿಂದ ಒಂದು ವರ್ಷ ಮುಂದೆ ಹಾರಿದಂತೆ ಆಗುವುದಿಲ್ಲ. ವಯಸ್ಸನ್ನು ಎಣಿಸುವ ಗಡಿ ದಿನಾಂಕ ಇಂಗ್ಲೆಂಡ್ ಮಾದರಿಯಲ್ಲಿ ಆಗಸ್ಟ್ 31. 2019ರ ಆಗಸ್ಟ್ 20ರಂದು ಹುಟ್ಟಿದ ಮಗು 2025ರ ಸೆಪ್ಟೆಂಬರ್‌ನಲ್ಲಿ ಇಯರ್ 2ಕ್ಕೆ ಹೋದರೆ, ಮೂರು ವಾರ ತಡವಾಗಿ ಸೆಪ್ಟೆಂಬರ್ 10ರಂದು ಹುಟ್ಟಿದ ಮಗು ಇಯರ್ 1ರಲ್ಲಿ ಇರುತ್ತದೆ. ಬೇರೆ ದೇಶಗಳಲ್ಲಿ, ಒಂದೇ ದೇಶದ ಬೇರೆ ಬೇರೆ ಶಾಲೆಗಳಲ್ಲೂ, ಈ ದಿನಾಂಕ ಬದಲಾಗುತ್ತದೆ. ಗಡಿಯ ಆಚೀಚೆ ಹುಟ್ಟಿದ ಮಕ್ಕಳ ಪೋಷಕರು ಶಾಲೆಯ ನಿಯಮವನ್ನು ಲಿಖಿತವಾಗಿ ಕೇಳಿ ಪಡೆಯಬೇಕು.

ಶೈಕ್ಷಣಿಕ ವರ್ಷದ ಆರಂಭವೂ ಒಂದೇ ಅಲ್ಲ. ಉತ್ತರ ಗೋಳಾರ್ಧದ ಹೆಚ್ಚಿನ ಅಂತರರಾಷ್ಟ್ರೀಯ ಶಾಲೆಗಳು ಆಗಸ್ಟ್ ಅಥವಾ ಸೆಪ್ಟೆಂಬರ್‌ನಲ್ಲಿ ತೆರೆದು ಜೂನ್‌ನಲ್ಲಿ ಮುಚ್ಚುತ್ತವೆ. ಆಸ್ಟ್ರೇಲಿಯಾದ ಶಾಲೆಗಳು ಜನವರಿ ಕೊನೆಯಿಂದ ಡಿಸೆಂಬರ್‌ವರೆಗೆ ನಡೆಯುತ್ತವೆ, ಜಪಾನಿನ ಸ್ಥಳೀಯ ಶಾಲೆಗಳು ಏಪ್ರಿಲ್‌ನಲ್ಲಿ ಆರಂಭವಾಗುತ್ತವೆ. ಈ ಬಗೆಯ ಒಂದು ಪಂಚಾಂಗದಿಂದ ಇನ್ನೊಂದಕ್ಕೆ ಜಿಗಿಯುವ ಮಗು ಅರ್ಧ ವರ್ಷ ಹಿಂದೆ ಉಳಿಯಬೇಕು ಇಲ್ಲವೇ ಅರ್ಧ ವರ್ಷ ಮುಂದೆ ಓಡಬೇಕು. ಚಿಕ್ಕ ಮಕ್ಕಳನ್ನು ಅರ್ಧ ವರ್ಷ ಹಿಂದೆ ಇರಿಸುವುದರಲ್ಲಿ ಅವಮಾನವೇನೂ ಇಲ್ಲ, ಹೊಸ ಭಾಷೆಯಲ್ಲಿ ಕಲಿಯಬೇಕಾದವರಿಗಂತೂ ಅದೊಂದು ಉಸಿರಾಟದ ಅವಕಾಶ. ಆದರೆ ಮುಂದೆ ಸ್ವದೇಶಕ್ಕೆ ಮರಳುವಾಗ ವಯಸ್ಸಿನ ಮಿತಿ ಅಡ್ಡ ಬರುವುದೇ ಎಂಬುದನ್ನು ಮುಂಚೆಯೇ ನೋಡಿಕೊಂಡಿರಬೇಕು.

ಉದ್ಯೋಗ ಪತ್ರಕ್ಕೆ ಸಹಿ ಹಾಕುವ ಮೊದಲು

ಶುಲ್ಕದ ಮಾತುಕತೆಗೆ ಬಲವಿರುವುದು ಸಹಿಗೆ ಮೊದಲು ಮಾತ್ರ. ಉದ್ಯೋಗದಾತರು ‘ಮಕ್ಕಳ ಶಿಕ್ಷಣ ವೆಚ್ಚ ಭರಿಸುತ್ತೇವೆ’ ಎಂದು ಹೇಳಿದರೆ, ಆ ವಾಕ್ಯದೊಳಗೆ ಏನೇನು ಅಡಗಿದೆ ಎಂದು ಬಿಡಿಸಿ ಕೇಳಬೇಕು. ಬೋಧನಾ ಶುಲ್ಕದ ಹೊರಗೆ ಮರಳಿ ಸಿಗದ ಅರ್ಜಿ ಶುಲ್ಕ, ಪ್ರವೇಶ ಪರೀಕ್ಷೆಯ ಶುಲ್ಕ, ದಾಖಲಾತಿ ಶುಲ್ಕ, ಠೇವಣಿ, ಕಟ್ಟಡ ನಿಧಿ ಅಥವಾ ಬಂಡವಾಳ ಶುಲ್ಕ, ಬಸ್, ಊಟ, ಸಮವಸ್ತ್ರ, ಲ್ಯಾಪ್‌ಟಾಪ್, ಪ್ರವಾಸ, ಮಂಡಳಿ ಪರೀಕ್ಷೆಯ ಶುಲ್ಕ, ಇಂಗ್ಲಿಷ್ ಬೆಂಬಲ ತರಗತಿಯ ಹೆಚ್ಚುವರಿ ಶುಲ್ಕ ಇವೆಲ್ಲ ಬೇರೆ ಬೇರೆ ಸಾಲುಗಳಲ್ಲಿ ಬರುತ್ತವೆ. ಮೊದಲ ವರ್ಷದ ಒಟ್ಟು ಖರ್ಚು ಜಾಲತಾಣದಲ್ಲಿ ಕಾಣುವ ವಾರ್ಷಿಕ ಶುಲ್ಕಕ್ಕಿಂತ ಸಾಕಷ್ಟು ಹೆಚ್ಚಾಗುವುದು ಇದರಿಂದಲೇ.

ಹಾಂಗ್‌ಕಾಂಗ್‌ನ ಹಲವು ಶಾಲೆಗಳಲ್ಲಿ ಡಿಬೆಂಚರ್ ಎಂಬ ಪದ್ಧತಿ ಇದೆ. ಪೋಷಕರು ಅಥವಾ ಕಂಪನಿ ಶಾಲೆಗೆ ದೊಡ್ಡ ಮೊತ್ತವನ್ನು ಬಡ್ಡಿಯಿಲ್ಲದ ಸಾಲದಂತೆ ಕೊಟ್ಟು, ಅದಕ್ಕೆ ಪ್ರತಿಯಾಗಿ ಅರ್ಜಿಯಲ್ಲಿ ಆದ್ಯತೆ ಪಡೆಯುತ್ತಾರೆ. ಕೆಲವು ಡಿಬೆಂಚರ್‌ಗಳ ಹಣ ಶಾಲೆ ಬಿಟ್ಟಾಗ ಮರಳುತ್ತದೆ, ಕೆಲವು ವರ್ಷದಿಂದ ವರ್ಷಕ್ಕೆ ಸವೆಯುತ್ತವೆ, ಕೆಲವು ಶಾಲೆಗಳಲ್ಲಿ ಅದರ ಬದಲು ವಾರ್ಷಿಕ ಬಂಡವಾಳ ಶುಲ್ಕ ಇರುತ್ತದೆ. ನಿಮ್ಮ ಕಂಪನಿಯ ಬಳಿ ಇಂತಹ ನಾಮನಿರ್ದೇಶನದ ಹಕ್ಕು ಈಗಾಗಲೇ ಇದೆಯೇ ಎಂದು ಮಾನವ ಸಂಪನ್ಮೂಲ ವಿಭಾಗವನ್ನು ಕೇಳುವುದಕ್ಕೆ ಸಂಕೋಚ ಬೇಡ. ಹಿಂದೆ ಅಲ್ಲಿದ್ದ ಸಹೋದ್ಯೋಗಿಯ ಮಕ್ಕಳು ಬಿಟ್ಟುಹೋದ ಹಕ್ಕು ಕಡತದೊಳಗೆ ಸುಮ್ಮನೆ ಮಲಗಿರಬಹುದು.

ಕಂಪನಿ ಕೊಡುವ ಶಾಲಾ ಶುಲ್ಕವನ್ನು ಹಲವು ದೇಶಗಳ ತೆರಿಗೆ ಕಾನೂನು ಸಂಬಳದ ಭಾಗವೆಂದೇ ಎಣಿಸುತ್ತದೆ. ಆ ತೆರಿಗೆಯನ್ನು ಕಟ್ಟುವವರು ಯಾರು, ಅವಧಿಗೆ ಮೊದಲೇ ಕೆಲಸ ಬಿಟ್ಟರೆ ಕೊಟ್ಟ ಶುಲ್ಕವನ್ನು ಹಿಂತಿರುಗಿಸಬೇಕೇ, ಪ್ರತಿ ವರ್ಷದ ಶುಲ್ಕ ಏರಿಕೆ ಯಾರ ಪಾಲು, ಎರಡನೆಯ ಮಗು ಶಾಲೆ ಸೇರುವ ವಯಸ್ಸಿಗೆ ಬಂದಾಗ ಏನು ಎಂಬ ನಾಲ್ಕು ಅಂಶಗಳು ಉದ್ಯೋಗ ಪತ್ರದಲ್ಲಿಯೇ ಇರಲಿ. ಕಂಪನಿ ಏನನ್ನೂ ಕೊಡದಿದ್ದರೆ ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು, ಅದಕ್ಕೂ ದಾರಿಗಳಿವೆ. ನೆದರ್‌ಲೆಂಡ್ಸ್‌ನಲ್ಲಿ ಸರ್ಕಾರದ ಸಹಾಯಧನ ಪಡೆಯುವ ಅಂತರರಾಷ್ಟ್ರೀಯ ಶಾಲೆಗಳಿದ್ದು, ತಾತ್ಕಾಲಿಕ ಉದ್ಯೋಗದ ಮೇಲೆ ಬಂದವರ ಮಕ್ಕಳಿಗೆಂದೇ ಇರುವ ಅವುಗಳ ಶುಲ್ಕ ಖಾಸಗಿ ಶಾಲೆಗಳಿಗಿಂತ ಬಹಳ ಕಡಿಮೆ. ಅರ್ಹತೆಗೆ ಉದ್ಯೋಗದಾತರ ಪತ್ರ ಕೇಳುತ್ತಾರೆ.

‘ಅಂತರರಾಷ್ಟ್ರೀಯ’ ಎಂಬ ಹೆಸರನ್ನು ನಂಬಿ ಹೋಗಬೇಡಿ

ಆ ಪದವನ್ನು ಫಲಕದ ಮೇಲೆ ಬರೆಸಿಕೊಳ್ಳಲು ಹೆಚ್ಚಿನ ಕಡೆ ಯಾರ ಅಪ್ಪಣೆಯೂ ಬೇಕಿಲ್ಲ. ಆದ್ದರಿಂದ ಮಾನ್ಯತೆಯನ್ನು ಶಾಲೆಯ ಕರಪತ್ರದಲ್ಲಿ ಓದದೆ, ಮಾನ್ಯತೆ ಕೊಡುವ ಸಂಸ್ಥೆಯ ಜಾಲತಾಣದಲ್ಲೇ ಹುಡುಕಬೇಕು. ಐಬಿ ಮತ್ತು ಕೇಂಬ್ರಿಡ್ಜ್ ಎರಡೂ ತಮ್ಮ ಶಾಲೆಗಳ ಪಟ್ಟಿಯನ್ನು ಎಲ್ಲರಿಗೂ ತೆರೆದಿಟ್ಟಿವೆ. ಐಬಿಯಲ್ಲಿ ‘ಕ್ಯಾಂಡಿಡೇಟ್ ಶಾಲೆ’ ಎಂದರೆ ಇನ್ನೂ ಅನುಮತಿ ಸಿಗದ, ಅದಕ್ಕಾಗಿ ಪ್ರಯತ್ನದಲ್ಲಿರುವ ಶಾಲೆ. ಅನುಮತಿ ಸಿಕ್ಕೇ ಸಿಗುತ್ತದೆಂಬ ಭರವಸೆಯನ್ನು ಐಬಿ ಕೊಡುವುದಿಲ್ಲ. ಡಿಪ್ಲೊಮಾ ಓದಬೇಕಾದ ಮಗುವನ್ನು ಅಂತಹ ಭರವಸೆಯ ಮೇಲೆ ಸೇರಿಸುವುದು ದೊಡ್ಡ ಜೂಜು. ಕೌನ್ಸಿಲ್ ಆಫ್ ಇಂಟರ್‌ನ್ಯಾಷನಲ್ ಸ್ಕೂಲ್ಸ್‌ನಂತಹ ಸಂಸ್ಥೆಗಳಲ್ಲಿ ಸದಸ್ಯತ್ವ ಬೇರೆ, ಮಾನ್ಯತೆ ಬೇರೆ. ಕರಪತ್ರಗಳು ಎರಡನ್ನೂ ಒಂದೇ ಲಾಂಛನದಡಿ ಮುದ್ರಿಸುವುದುಂಟು. ಬ್ರಿಟಿಷ್ ಶಾಲೆಗಳಿಗೆ ಬ್ರಿಟನ್ ಶಿಕ್ಷಣ ಇಲಾಖೆಯ ಸಾಗರೋತ್ತರ ಶಾಲೆಗಳ ತಪಾಸಣಾ ಯೋಜನೆ ಇದೆ. ದುಬೈನಲ್ಲಿ ಖಾಸಗಿ ಶಾಲೆಗಳ ಮೇಲ್ವಿಚಾರಣೆ ನಡೆಸುವ ಕೆಎಚ್‌ಡಿಎ ತನ್ನ ತಪಾಸಣೆಯ ವರದಿಗಳನ್ನು ಪ್ರಕಟಿಸುತ್ತಾ ಬಂದಿದೆ. ಅಂತಹ ವರದಿ ಸಿಕ್ಕರೆ ಒಟ್ಟು ಶ್ರೇಣಿಯನ್ನು ಬಿಟ್ಟು, ನಿಮ್ಮ ಮಗು ಸೇರುವ ಹಂತದ ಭಾಗವನ್ನು ಓದಿ.

ಒಂದು ಊರಿನಲ್ಲಿ ಮೂರರಿಂದ ಐದು ಶಾಲೆಗಳಿಗೆ ಅರ್ಜಿ ಹಾಕಿದರೆ ಸಾಕು. ಅವುಗಳಲ್ಲಿ ಒಂದು, ಎಲ್ಲರೂ ಹೊಗಳುವ ಪಟ್ಟಿಯ ಹೊರಗಿನದಾಗಿರಲಿ.

ಸೀಟು ಯಾವಾಗ ತೆರವಾಗುತ್ತದೆ?

ಆಗಸ್ಟ್‌ನಲ್ಲಿ ಆರಂಭವಾಗುವ ವರ್ಷಕ್ಕೆ ಬೇಡಿಕೆಯ ಶಾಲೆಗಳು ಹಿಂದಿನ ವರ್ಷದ ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೇ ಅರ್ಜಿ ತೆರೆಯುವುದು ಸಾಮಾನ್ಯ. ಶಿಶುವಿಹಾರದಂತಹ ಪ್ರವೇಶ ತರಗತಿಗಳಲ್ಲಿ ಎಲ್ಲ ಜಾಗಗಳೂ ಹೊಸತು, ಹಾಗೆಯೇ ಸ್ಪರ್ಧೆಯೂ ಅತಿ ಹೆಚ್ಚು. ನಡುವಿನ ತರಗತಿಗಳಲ್ಲಿ ಜಾಗ ತೆರವಾಗುವುದು ಈಗಿರುವ ಮಗುವೊಂದು ಹೊರಟಾಗ ಮಾತ್ರ. ಹಳಬರು ಮುಂದಿನ ವರ್ಷಕ್ಕೆ ಮರುದಾಖಲಾತಿ ಖಚಿತಪಡಿಸುವುದಕ್ಕೂ, ಬಿಡುವುದಾದರೆ ಒಂದು ಅವಧಿ (ಟರ್ಮ್) ಮುಂಚಿತವಾಗಿ ನೋಟಿಸ್ ಕೊಡುವುದಕ್ಕೂ ಶಾಲೆ ಒಂದು ಕೊನೆಯ ದಿನಾಂಕ ಇಟ್ಟಿರುತ್ತದೆ. ಪೋಷಕರು ಕೇಳಲು ಮರೆಯುವ ಪ್ರಶ್ನೆ ಇದೇ: ನಿಮ್ಮಲ್ಲಿ ಆ ದಿನಾಂಕ ಯಾವುದು? ಅದು ಕಳೆದ ಮರುವಾರದಲ್ಲಿ ಪ್ರವೇಶ ವಿಭಾಗದವರ ಕೈಯಲ್ಲಿ ನಿಜವಾದ ಖಾಲಿ ಜಾಗಗಳ ಪಟ್ಟಿ ಇರುತ್ತದೆ. ನಿಮ್ಮ ಕಡತ ಪೂರ್ತಿಯಾಗಿ, ಪರೀಕ್ಷೆ ಮುಗಿದು, ಅವರ ಮೇಜಿನ ಮೇಲೆ ಇರಬೇಕಾದದ್ದು ಆ ವಾರಕ್ಕೆ. ಎರಡನೆಯ ಅಲೆ ವರ್ಷದ ಕೊನೆಗೆ, ಹಠಾತ್ ವರ್ಗಾವಣೆಗಳ ಕಾಲದಲ್ಲಿ ಏಳುತ್ತದೆ. ಮೂರನೆಯದು ಶಾಲೆ ತೆರೆದ ಮೊದಲ ಎರಡು ವಾರ, ಬರುತ್ತೇವೆಂದು ಹೇಳಿ ಬಾರದವರ ಜಾಗಗಳು ತಿಳಿಯುವಾಗ.

ವೇಟಿಂಗ್ ಲಿಸ್ಟ್ ಎಂಬ ಹೆಸರು ಕೇಳಿ ಅದನ್ನು ರೇಷನ್ ಅಂಗಡಿಯ ಸರದಿಯಂತೆ ಕಲ್ಪಿಸಿಕೊಂಡರೆ ಮೋಸ ಹೋಗುತ್ತೇವೆ. ಬಹುಪಾಲು ಶಾಲೆಗಳಲ್ಲಿ ಅದೊಂದು ಕೊಳ, ಮೀನು ಹಿಡಿಯುವುದು ಬೇಕಾದಾಗ ಬೇಕಾದ ಬಗೆಯದನ್ನು. ಈಗಾಗಲೇ ಓದುತ್ತಿರುವವರ ಒಡಹುಟ್ಟಿದವರಿಗೆ, ಸಿಬ್ಬಂದಿಯ ಮಕ್ಕಳಿಗೆ, ಒಪ್ಪಂದವಿರುವ ಕಂಪನಿಗಳವರಿಗೆ ಮೊದಲ ಆದ್ಯತೆ. ಆಮೇಲೆ ತರಗತಿಯ ಸಮತೋಲನ: ಹುಡುಗ–ಹುಡುಗಿಯರ ಪ್ರಮಾಣ, ಒಂದೇ ದೇಶದವರು ಅಥವಾ ಒಂದೇ ಮಾತೃಭಾಷೆಯವರು ಹೆಚ್ಚಾಗದಂತೆ ಮಿತಿ, ಇಂಗ್ಲಿಷ್ ಬೆಂಬಲ ಬೇಕಾದವರ ಮಿತಿ, ಕಲಿಕಾ ಬೆಂಬಲದ ಶಿಕ್ಷಕರಿಗೆ ನಿಭಾಯಿಸಲು ಸಾಧ್ಯವಾದಷ್ಟೇ ಮಕ್ಕಳು. ಹೀಗಾಗಿ ‘ನಮ್ಮದು ಎಷ್ಟನೆಯ ಸಂಖ್ಯೆ’ ಎಂಬ ಪ್ರಶ್ನೆಗೆ ನೇರ ಉತ್ತರ ಸಿಗದಿದ್ದರೆ ಅದು ಉಪೇಕ್ಷೆಯೇ ಆಗಿರಬೇಕೆಂದಿಲ್ಲ, ಬಹುಮಟ್ಟಿಗೆ ಅಂತಹ ಸಂಖ್ಯೆಯೇ ಇರುವುದಿಲ್ಲ. ಅದರ ಬದಲು ಮೊದಲ ಪತ್ರದಲ್ಲಿಯೇ ಉತ್ತರಿಸಲು ಸಾಧ್ಯವಾದ ಪ್ರಶ್ನೆಗಳನ್ನು ಕೇಳಿ:

– ಈ ಜನ್ಮದಿನಾಂಕದ ಮಗುವಿಗೆ ನಿಮ್ಮಲ್ಲಿ ಯಾವ ತರಗತಿ, ಆ ತರಗತಿಯಲ್ಲಿ ಎಷ್ಟು ವಿಭಾಗಗಳಿವೆ, ಪ್ರತಿ ವಿಭಾಗದ ಗರಿಷ್ಠ ಸಂಖ್ಯೆ ಎಷ್ಟು?
– ಕಳೆದ ವರ್ಷ ಈ ತರಗತಿಗೆ ಹೊಸದಾಗಿ ಎಷ್ಟು ಮಕ್ಕಳನ್ನು ಸೇರಿಸಿಕೊಂಡಿರಿ?
– ಹಳೆಯ ವಿದ್ಯಾರ್ಥಿಗಳ ಮರುದಾಖಲಾತಿಯ ಕೊನೆಯ ದಿನ ಯಾವುದು?
– ಒಡಹುಟ್ಟಿದವರಲ್ಲಿ ಒಬ್ಬರಿಗೆ ಮಾತ್ರ ಸೀಟು ಸಿಕ್ಕರೆ, ಇನ್ನೊಬ್ಬರಿಗೆ ಆದ್ಯತೆ ಯಾವಾಗಿನಿಂದ ಅನ್ವಯಿಸುತ್ತದೆ?
– ವೀಸಾ ಇನ್ನೂ ಬಾರದಿದ್ದರೂ ಅರ್ಜಿಯನ್ನು ಪರಿಶೀಲಿಸುತ್ತೀರಾ?

ಪಟ್ಟಿಯಲ್ಲಿ ಇದ್ದಷ್ಟು ಕಾಲ ತಿಂಗಳಿಗೊಮ್ಮೆ ಎರಡು ಸಾಲಿನ ಪತ್ರ ಬರೆಯುವುದು ಮರ್ಯಾದೆಯ ಅಳತೆ. ಅದರಲ್ಲಿ ಹೊಸದೇನಾದರೂ ಇರಲಿ: ಹೊಸ ಪ್ರಗತಿ ವರದಿ, ಖಚಿತವಾದ ಪ್ರಯಾಣದ ದಿನ, ಹತ್ತು ದಿನದ ಸೂಚನೆಯಲ್ಲಿ ಬರಬಲ್ಲೆವು ಎಂಬ ಮಾತು. ಆ ಕೊನೆಯ ಮಾತಿಗೆ ಬೆಲೆ ಹೆಚ್ಚು, ಏಕೆಂದರೆ ವರ್ಷದ ನಡುವೆ ಜಾಗ ತೆರವಾದಾಗ ಪ್ರವೇಶ ವಿಭಾಗದವರು ಕರೆ ಮಾಡುವುದು ತಕ್ಷಣ ಹೌದು ಎನ್ನುವ ಕುಟುಂಬಕ್ಕೆ. ದಿನಕ್ಕೊಮ್ಮೆ ಫೋನ್ ಮಾಡುವ ಪೋಷಕರೂ ಅವರ ನೆನಪಿನಲ್ಲಿ ಉಳಿಯುತ್ತಾರೆ, ಆದರೆ ಬೇರೆ ಕಾರಣಕ್ಕೆ.

ಕಡತ

ಬಹಳಷ್ಟು ಶಾಲೆಗಳಲ್ಲಿ ಅರ್ಜಿ ಆನ್‌ಲೈನ್ ವ್ಯವಸ್ಥೆಯ ಮೂಲಕವೇ ನಡೆಯುತ್ತದೆ, ಒಂದು ದಾಖಲೆ ಬಾಕಿ ಇದ್ದರೂ ಕಡತ ಪರಿಶೀಲನೆಗೆ ಏರುವುದಿಲ್ಲ. ಪಾಸ್‌ಪೋರ್ಟ್, ಜನನ ಪ್ರಮಾಣಪತ್ರ, ಕಳೆದ ಎರಡು ಅಥವಾ ಮೂರು ವರ್ಷಗಳ ಪ್ರಗತಿ ವರದಿ, ಲಸಿಕೆಯ ದಾಖಲೆ, ಭಾವಚಿತ್ರ ಇವನ್ನು ಸ್ಕ್ಯಾನ್ ಮಾಡಿ ಮಗುವಿನ ಹೆಸರು ಮತ್ತು ವರ್ಷದ ಹೆಸರಿನ ಕಡತಗಳಲ್ಲಿ ಇಟ್ಟುಕೊಳ್ಳಿ. ವರದಿ ಬೇರೆ ಭಾಷೆಯಲ್ಲಿದ್ದರೆ ಪ್ರಮಾಣೀಕೃತ ಭಾಷಾಂತರ ಬೇಕು. ಪಾಸ್‌ಪೋರ್ಟ್, ಜನನ ಪತ್ರ, ಅಂಕಪಟ್ಟಿ ಮೂರರಲ್ಲೂ ಹೆಸರಿನ ಕಾಗುಣಿತ, ಇನಿಶಿಯಲ್ ಒಂದೇ ರೀತಿ ಇವೆಯೇ ಎಂದು ಮೊದಲೇ ನೋಡಿ. ಇಲ್ಲದಿದ್ದರೆ ಸರಿಪಡಿಸುವ ಕೆಲಸವೇ ತಿಂಗಳುಗಟ್ಟಲೆ ಹಿಡಿಯುತ್ತದೆ.

ಎರಡು ದಾಖಲೆಗಳಿಗೆ ವಿಶೇಷ ಗಮನ ಬೇಕು. ಮೊದಲನೆಯದು ಶಿಕ್ಷಕರ ಗೋಪ್ಯ ಶಿಫಾರಸು ಪತ್ರ. ಇದನ್ನು ಹೊಸ ಶಾಲೆ ಕಳಿಸುವ ಕೊಂಡಿಯ ಮೂಲಕ ಶಿಕ್ಷಕರೇ ನೇರವಾಗಿ ತುಂಬುತ್ತಾರೆ, ಪೋಷಕರ ಕೈಗೆ ಬರುವುದಿಲ್ಲ. ಬೇಸಿಗೆ ರಜೆ ಆರಂಭವಾದರೆ ಶಿಕ್ಷಕರೂ ಸಿಗುವುದಿಲ್ಲ, ಶಾಲೆಯ ಮಿಂಚಂಚೆ ತೆರೆಯುವವರೂ ಇರುವುದಿಲ್ಲ. ಆದ್ದರಿಂದ ರಜೆಗೆ ಮೊದಲೇ ಖುದ್ದಾಗಿ ಭೇಟಿ ಮಾಡಿ ವಿನಂತಿಸಿಕೊಳ್ಳಬೇಕು. ಎರಡನೆಯದು ದೃಢೀಕರಣ. ಕೆಲವು ದೇಶಗಳು ವರ್ಗಾವಣೆ ಪ್ರಮಾಣಪತ್ರ ಮತ್ತು ಅಂಕಪಟ್ಟಿಗಳಿಗೆ ಸರ್ಕಾರದ ಮುದ್ರೆ ಕೇಳುತ್ತವೆ. 1961ರ ಹೇಗ್ ಒಪ್ಪಂದಕ್ಕೆ ಎರಡೂ ದೇಶಗಳು ಸೇರಿದ್ದರೆ ಅಪೊಸ್ಟೀಲ್ ಎಂಬ ಒಂದೇ ಮುದ್ರೆ ಸಾಕು, ಇಲ್ಲವಾದರೆ ರಾಯಭಾರ ಕಚೇರಿಯವರೆಗೂ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ದೇಶ ಬಿಟ್ಟ ಮೇಲೆ ಈ ಕೆಲಸ ಹತ್ತುಪಟ್ಟು ಕಷ್ಟ. ತಂದೆ ತಾಯಿ ಬೇರೆಯಾಗಿದ್ದು ಮಗು ಒಬ್ಬರೊಂದಿಗೆ ಮಾತ್ರ ಹೋಗುವುದಾದರೆ ಇನ್ನೊಬ್ಬರ ಒಪ್ಪಿಗೆ ಪತ್ರ ಅಥವಾ ನ್ಯಾಯಾಲಯದ ಆದೇಶವೂ ಇದೇ ಕಡತದಲ್ಲಿ ಸೇರಬೇಕು.

ಅಮೆರಿಕನ್ ಹೈಸ್ಕೂಲಿಗೆ ಸೇರುವವರು 9ನೇ ತರಗತಿಯಿಂದ ಓದಿದ ಪ್ರತಿಯೊಂದು ವಿಷಯದ ಒಂದೊಂದು ಪ್ಯಾರಾ ವಿವರಣೆಯನ್ನು ಹಳೆಯ ಶಾಲೆಯಿಂದ ಪಡೆದುಕೊಂಡರೆ ಕ್ರೆಡಿಟ್ ಲೆಕ್ಕ ಹಾಕುವುದು ಸುಲಭವಾಗುತ್ತದೆ.

ಪ್ರವೇಶ ಪರೀಕ್ಷೆ, ಸಂದರ್ಶನ ಮತ್ತು ಮುಚ್ಚುಮರೆ

ಪುಟ್ಟ ಮಕ್ಕಳನ್ನು ಆಟದ ಗುಂಪಿನಲ್ಲಿ ಬಿಟ್ಟು ಗಮನಿಸುತ್ತಾರೆ. ದೊಡ್ಡವರಿಗೆ ಬ್ರಿಟಿಷ್ ಶಾಲೆಗಳಲ್ಲಿ ಹೆಚ್ಚಾಗಿ ಕ್ಯಾಟ್4 ಎಂಬ ಪರೀಕ್ಷೆ ಇರುತ್ತದೆ. ಇದು ಪಾಠದ ಜ್ಞಾನವನ್ನು ಅಳೆಯದೆ ಪದ, ಸಂಖ್ಯೆ, ಆಕೃತಿ ಮತ್ತು ಸ್ಥಳಕಲ್ಪನೆ (ಸ್ಪೇಷಿಯಲ್) ಎಂಬ ನಾಲ್ಕು ಬಗೆಯ ತರ್ಕಶಕ್ತಿಯನ್ನು ಅಳೆಯುತ್ತದೆ, ಆಯಾ ವಯಸ್ಸಿನ ಸರಾಸರಿಯನ್ನು 100 ಎಂದು ಇಟ್ಟು ಅಂಕ ಕೊಡುತ್ತದೆ. ಅಮೆರಿಕನ್ ಶಾಲೆಗಳು ಬಳಸುವ ಮ್ಯಾಪ್ ಗ್ರೋತ್ ಪರೀಕ್ಷೆಯಲ್ಲಿ, ಉತ್ತರ ಸರಿಯಾದಂತೆ ಮುಂದಿನ ಪ್ರಶ್ನೆ ಕಠಿಣವಾಗುತ್ತಾ ಹೋಗುತ್ತದೆ; ಈ ವಿಷಯವನ್ನು ಮಗುವಿಗೆ ಮೊದಲೇ ಹೇಳದಿದ್ದರೆ ಚೆನ್ನಾಗಿ ಬರೆದ ಮಗುವೇ ಕಣ್ಣೀರು ಹಾಕುತ್ತಾ ಹೊರಬಂದೀತು. ಇಂತಹ ಪರೀಕ್ಷೆಗೆ ಟ್ಯೂಷನ್ ಹಾಕಿಸುವುದರಿಂದ ಹೆಚ್ಚಿನ ಲಾಭವಿಲ್ಲ. ಪ್ರಶ್ನೆಗಳ ಮಾದರಿಯನ್ನು ಒಂದೆರಡು ಸಲ ತೋರಿಸಿ, ಹಿಂದಿನ ರಾತ್ರಿ ಬೇಗ ಮಲಗಿಸಿದರೆ ಸಾಕು. ಪರೀಕ್ಷೆ ಆನ್‌ಲೈನ್‌ನಲ್ಲಿ ನಡೆಯುವುದಾದರೆ ಈಗಿನ ಶಾಲೆಯ ಶಿಕ್ಷಕರೊಬ್ಬರು ಮೇಲ್ವಿಚಾರಕರಾಗಿ ಕುಳಿತುಕೊಳ್ಳಬೇಕೆಂದು ಕೇಳುವುದುಂಟು.

ಮಗುವಿಗೆ ಓದಿನ ತೊಂದರೆ, ಗಮನದ ಸಮಸ್ಯೆ, ಮಾತಿನ ಚಿಕಿತ್ಸೆ ಇಂತಹ ಏನೇ ಇದ್ದರೂ ಅರ್ಜಿಯಲ್ಲಿ ಬಚ್ಚಿಡಬಾರದು. ಸೀಟು ತಪ್ಪೀತೆಂಬ ಭಯ ಸಹಜವೇ. ಆದರೆ ಮುಖ್ಯ ವಿಷಯವನ್ನು ಮುಚ್ಚಿಟ್ಟರೆ ಪ್ರವೇಶ ರದ್ದು ಮಾಡುವ ಅಧಿಕಾರವನ್ನು ಶಾಲೆಗಳು ಒಪ್ಪಂದದಲ್ಲೇ ಬರೆದುಕೊಂಡಿರುತ್ತವೆ, ಅದು ಚಲಾವಣೆಗೆ ಬರುವುದು ಕುಟುಂಬ ಹೊಸ ದೇಶದಲ್ಲಿ ನೆಲೆಯೂರಿದ ಎರಡನೆಯ ತಿಂಗಳಲ್ಲಿ. ಅದಕ್ಕಿಂತ ಕೆಟ್ಟ ಗಳಿಗೆ ಇನ್ನೊಂದಿಲ್ಲ. ಕಳೆದ ಎರಡು ಮೂರು ವರ್ಷಗಳೊಳಗಿನ ಮನಶ್ಶಾಸ್ತ್ರಜ್ಞರ ವರದಿಯನ್ನು ಸಲ್ಲಿಸಿ, ನಿಮ್ಮಲ್ಲಿ ಈ ಬೆಂಬಲ ಕೊಡುವ ಶಿಕ್ಷಕರು ಎಷ್ಟು ಮಂದಿ, ಅದಕ್ಕೆ ಬೇರೆ ಶುಲ್ಕವೇ ಎಂದು ನೇರವಾಗಿ ಕೇಳಿ. ಅದೇ ವರದಿ ಮುಂದೆ ಮಂಡಳಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೇಳುವುದಕ್ಕೂ ಆಧಾರವಾಗುತ್ತದೆ.

ಸೀಟು ಕೊಟ್ಟೆವೆಂಬ ಪತ್ರ ಬಂದಾಗ

ಒಪ್ಪಿಗೆಗೆ ಸಾಮಾನ್ಯವಾಗಿ ಒಂದೆರಡು ವಾರ ಸಮಯ ಕೊಟ್ಟಿರುತ್ತಾರೆ. ಮೊದಲ ಆಯ್ಕೆಯ ಶಾಲೆಯಿಂದ ಉತ್ತರ ಬಂದಿಲ್ಲ, ಎರಡನೆಯದು ಹಣ ಕಟ್ಟಿ ಎನ್ನುತ್ತಿದೆ ಎಂಬ ಇಕ್ಕಟ್ಟು ಬಹಳ ಸಾಮಾನ್ಯ. ಆಗ ಮೊದಲ ಶಾಲೆಗೆ ಪರಿಸ್ಥಿತಿಯನ್ನು ತಿಳಿಸಿ ತೀರ್ಮಾನದ ದಿನ ಕೇಳಬೇಕು, ಎರಡನೆಯದಕ್ಕೆ ಒಂದು ವಾರದ ವಿಸ್ತರಣೆ ಕೋರಬೇಕು. ಎರಡೂ ಫಲಿಸದಿದ್ದರೆ ಠೇವಣಿ ಕಟ್ಟಿ ಕೈಯಲ್ಲಿರುವ ಸೀಟನ್ನು ಉಳಿಸಿಕೊಳ್ಳಿ. ಕಳೆದುಹೋಗಬಹುದಾದ ಠೇವಣಿಯನ್ನು ವಿಮೆಯ ಕಂತೆಂದು ಭಾವಿಸುವುದೇ ವ್ಯವಹಾರ ಜ್ಞಾನ.

ಒಪ್ಪಂದದಲ್ಲಿ ಹುಡುಕಬೇಕಾದ ಸಾಲುಗಳು ಕೆಲವೇ. ವೀಸಾ ತಿರಸ್ಕೃತವಾದರೆ ಹಣ ಮರಳುವುದೇ? ವರ್ಷದ ನಡುವೆ ಸೇರಿದರೆ ಶುಲ್ಕ ಪೂರ್ತಿಯೇ, ತಿಂಗಳ ಲೆಕ್ಕವೇ? ಬಿಡುವಾಗ ಎಷ್ಟು ದಿನ ಮುಂಚೆ ನೋಟಿಸ್ ಕೊಡಬೇಕು, ಕೊಡದಿದ್ದರೆ ಒಂದು ಅವಧಿಯ ಪೂರ್ತಿ ಶುಲ್ಕ ಕಟ್ಟಬೇಕೇ? ಹಣ ಕಳಿಸುವ ಮುನ್ನ ಶಾಲೆಯ ಜಾಲತಾಣದಲ್ಲಿರುವ ದೂರವಾಣಿಗೆ ಕರೆ ಮಾಡಿ ಬ್ಯಾಂಕ್ ಖಾತೆಯ ಸಂಖ್ಯೆಯನ್ನು ಖಚಿತಪಡಿಸಿಕೊಳ್ಳಿ. ‘ನಮ್ಮ ಖಾತೆ ಬದಲಾಗಿದೆ’ ಎಂಬ ಸುಳ್ಳು ಮಿಂಚಂಚೆ ಕಳಿಸಿ ಶುಲ್ಕ ಕದಿಯುವುದು ವಂಚಕರ ಹಳೆಯ ಕಸುಬು.

ಎಲ್ಲೂ ಸೀಟು ಸಿಗದಿದ್ದರೆ

ಆಗಲೂ ಪ್ರಯಾಣ ನಿಲ್ಲಿಸಬೇಕಾಗಿಲ್ಲ. ಎಂಟು ವರ್ಷದೊಳಗಿನ ಮಗುವಾದರೆ ಸ್ಥಳೀಯ ಸರ್ಕಾರಿ ಶಾಲೆಯನ್ನು ಗಂಭೀರವಾಗಿ ಪರಿಗಣಿಸಿ. ಯುರೋಪಿನ ಹಲವು ದೇಶಗಳಲ್ಲಿ ಹೊಸಬರಿಗೆ ಸ್ಥಳೀಯ ಭಾಷೆ ಕಲಿಸುವ ಸ್ವಾಗತ ತರಗತಿಗಳಿವೆ, ಮಗು ಆ ಭಾಷೆಯನ್ನು ಕಲಿಯುವ ವೇಗ ನೋಡಿ ದೊಡ್ಡವರಿಗೆ ಹೊಟ್ಟೆಕಿಚ್ಚಾದರೂ ಆಶ್ಚರ್ಯವಿಲ್ಲ. ದೊಡ್ಡ ಮಕ್ಕಳಿಗೆ ಕುಟುಂಬ ಎರಡು ಕಂತಿನಲ್ಲಿ ಹೊರಡುವುದು, ಅಂದರೆ ಉದ್ಯೋಗಿ ಮೊದಲು ಹೋಗಿ ಉಳಿದವರು ಮುಂದಿನ ಅವಧಿಗೆ ಸೇರಿಕೊಳ್ಳುವುದು, ಹೆಚ್ಚು ಸುರಕ್ಷಿತ. ಆನ್‌ಲೈನ್ ಶಾಲೆಯನ್ನು ಕೆಲವು ತಿಂಗಳ ಸೇತುವೆಯಾಗಿ ಬಳಸಬಹುದು. ಆದರೆ ಮನೆಯಲ್ಲೇ ಓದಿಸುವುದನ್ನು ಜರ್ಮನಿಯಂತಹ ದೇಶಗಳ ಕಾನೂನು ಒಪ್ಪುವುದಿಲ್ಲ, ಅಲ್ಲಿ ಮಗು ಶಾಲೆಗೆ ಹಾಜರಾಗಲೇಬೇಕು. ಎರಡು ಮಕ್ಕಳಿಗೆ ಎರಡು ಶಾಲೆ ಸಿಕ್ಕರೆ ಒಂದು ವರ್ಷದ ಮಟ್ಟಿಗೆ ಒಪ್ಪಿಕೊಳ್ಳಿ, ಒಬ್ಬರು ಒಳಗಿದ್ದರೆ ಇನ್ನೊಬ್ಬರಿಗೆ ಒಡಹುಟ್ಟಿದವರ ಆದ್ಯತೆ ತಾನಾಗಿ ಬರುತ್ತದೆ.

ಹೊರಡುವ ಮುನ್ನ

ಹೊಸ ಶಾಲೆಯ ಪತ್ರ ಕೈಗೆ ಬಂದು ಠೇವಣಿಯ ರಸೀದಿ ಸಿಗುವವರೆಗೆ ಹಳೆಯ ಶಾಲೆಗೆ ಬಿಡುಗಡೆಯ ನೋಟಿಸ್ ಕೊಡಬೇಡಿ. ಬಂದ ದಿನವೇ ತಪ್ಪದೆ ಕೊಡಿ. ಮನೆ ಹುಡುಕುವಾಗ ಶಾಲೆಯಿಂದ ಬಸ್ ಮಾರ್ಗಗಳ ನಕ್ಷೆಯನ್ನು ತರಿಸಿಕೊಂಡು, ಬೆಳಗ್ಗೆ ಏಳರ ವಾಹನ ದಟ್ಟಣೆಯಲ್ಲಿ ನಲವತ್ತು ನಿಮಿಷ ಮೀರದ ಬಡಾವಣೆಗಳಿಗೆ ಗುರುತು ಹಾಕಿ. ಇಂಗ್ಲಿಷ್ ಬೆಂಬಲದ ತರಗತಿಗೆ ಹೋಗಲಿರುವ ಮಗುವಿನೊಂದಿಗೆ ಮನೆಯಲ್ಲಿ ಇಂಗ್ಲಿಷ್ ಮಾತಾಡಬೇಕೆಂದು ಒದ್ದಾಡಬೇಡಿ. ಮಾತೃಭಾಷೆಯಲ್ಲಿ ಓದಿ ಬರೆಯುವ ಶಕ್ತಿ ಗಟ್ಟಿಯಾದಷ್ಟು ಎರಡನೆಯ ಭಾಷೆ ಸಲೀಸಾಗುತ್ತದೆ, ಐಬಿ ಡಿಪ್ಲೊಮಾದಲ್ಲಂತೂ ಶಾಲೆಯಲ್ಲಿ ಶಿಕ್ಷಕರಿಲ್ಲದ ಮಾತೃಭಾಷೆಯ ಸಾಹಿತ್ಯವನ್ನು ಸ್ವಂತವಾಗಿ ಓದಿ ಪರೀಕ್ಷೆ ಬರೆಯುವ ಅವಕಾಶವೂ ಉಂಟು.

ಕೊನೆಯ ದಿನ ಹಳೆಯ ಶಾಲೆಯಿಂದ ವರ್ಗಾವಣೆ ಪ್ರಮಾಣಪತ್ರ, ಮುದ್ರೆ ಹಾಕಿದ ವರದಿಗಳ ಎರಡು ಪ್ರತಿ, ಮಗು ಬಳಸುತ್ತಿದ್ದ ಗಣಿತ ಮತ್ತು ವಿಜ್ಞಾನ ಪುಸ್ತಕಗಳ ಪರಿವಿಡಿಯ ಛಾಯಾಪ್ರತಿ ಇಷ್ಟನ್ನೂ ತೆಗೆದುಕೊಂಡು ಕೈಚೀಲದಲ್ಲಿ ಇಟ್ಟುಕೊಳ್ಳಿ. ಹಡಗಿನಲ್ಲಿ ಬರುವ ಸಾಮಾನಿನ ಪೆಟ್ಟಿಗೆಯಲ್ಲಿ ಅವು ಸೇರಿಹೋದರೆ, ಪೆಟ್ಟಿಗೆ ಊರು ತಲುಪುವ ಹೊತ್ತಿಗೆ ಮೊದಲ ಅವಧಿಯೇ ಮುಗಿದಿರುತ್ತದೆ.